ಮಾಸಾಮುನೆ: ಕತ್ತಿಯ ಕತೆ, ಚಾಕುವಿನ ಲೋಹ

ಹರಿಯುವ ಹೊಳೆಯಲ್ಲಿ ಎರಡು ಕತ್ತಿ ನಿಲ್ಲಿಸಿದರಂತೆ. ಮುರಾಮಾಸಾನ ಕತ್ತಿ ತೇಲಿ ಬಂದ ಎಲೆಗಳನ್ನೆಲ್ಲ ಕತ್ತರಿಸಿತಂತೆ, ಮಾಸಾಮುನೆಯ ಕತ್ತಿಯನ್ನು ಎಲೆಗಳೇ ಬಳಸಿಕೊಂಡು ಹೋದವಂತೆ. ಜಪಾನಿ ಚಾಕುಗಳ ವಿಡಿಯೋಗಳಲ್ಲಿ ನೀವೂ ಇದನ್ನು ಕೇಳಿರಬಹುದು. ಇಂಥ ಸ್ಪರ್ಧೆ ನಡೆದಿರಲು ಸಾಧ್ಯವೇ ಇಲ್ಲ. ಇಬ್ಬರ ನಡುವೆ ಸುಮಾರು ಎರಡು ಶತಮಾನಗಳ ಅಂತರವಿದೆ. ಮುರಾಮಾಸಾನ ಕಾಲ 1500ರ ಆಸುಪಾಸು.

ಗೊರೊ ನ್ಯೂಡೊ ಮಾಸಾಮುನೆ 13ನೇ ಶತಮಾನದ ಕೊನೆ ಮತ್ತು 14ನೇ ಶತಮಾನದ ಆರಂಭದಲ್ಲಿ ಸಗಾಮಿ ಪ್ರಾಂತ್ಯದ ಕಾಮಾಕುರದಲ್ಲಿ ಕೆಲಸ ಮಾಡಿದವನು. ಆಗ ಅದು ಜಪಾನಿನ ಸೇನಾ ಆಡಳಿತದ ಕೇಂದ್ರ. 1274 ಮತ್ತು 1281ರ ಮಂಗೋಲ್ ದಾಳಿಗಳ ನೆನಪು ಇನ್ನೂ ಹಸಿಯಾಗಿತ್ತು, ಕತ್ತಿಗೆ ಬೇಡಿಕೆಯೂ ಇತ್ತು. ಶಿಂತೋಗೊ ಕುನಿಮಿತ್ಸು ಇವನ ಗುರು ಎಂಬುದು ಪರಂಪರೆಯ ಮಾತು. ಇವನು ತನ್ನ ಹೆಸರು ಕೆತ್ತಿದ ಕತ್ತಿಗಳು ಬಹಳ ಅಪರೂಪ. ಹಾಗಾಗಿ ಮಾಸಾಮುನೆ ಎಂಬವನೇ ಇರಲಿಲ್ಲ ಎಂಬ ವಾದ 19ನೇ ಶತಮಾನದ ಕೊನೆಗೆ ಎದ್ದಿತ್ತು. ಹೆಸರಿರುವ ಕೆಲವು ಕಿರುಗತ್ತಿಗಳು ಉಳಿದಿದ್ದರಿಂದ ಆ ವಾದ ನಿಲ್ಲಲಿಲ್ಲ.

ಉಕ್ಕನ್ನು ಸಾವಿರಾರು ಸಲ ಮಡಚುತ್ತಿದ್ದರು ಎಂಬುದು ಇನ್ನೊಂದು ಮಿಥ್ಯೆ. ಪ್ರತಿ ಮಡಿಕೆಗೂ ಪದರಗಳು ಎರಡು ಪಟ್ಟಾಗುತ್ತವೆ. ಹತ್ತೇ ಮಡಿಕೆಗೆ 1,024 ಪದರ! ಸಾವಿರಾರು ಎಂಬುದು ಪದರಗಳ ಲೆಕ್ಕ, ಮಡಿಕೆಯದ್ದಲ್ಲ. ಮಡಚುವುದರಿಂದ ಉಕ್ಕಿನೊಳಗಿನ ಕಿಟ್ಟ ಹೊರಬೀಳುತ್ತದೆ, ಕಾರ್ಬನ್ ಸಮನಾಗಿ ಹರಡುತ್ತದೆ, ಅಷ್ಟೆ.

ನಿಜವಾದ ಕೈಚಳಕ ಇರುವುದು ತಣಿಸುವುದರಲ್ಲಿ. ಕತ್ತಿಯ ಬೆನ್ನಿಗೆ ದಪ್ಪ ಜೇಡಿಮಣ್ಣು, ಅಂಚಿಗೆ ತೆಳುವಾದ ಲೇಪ. ಕೆಂಪಗೆ ಕಾಯಿಸಿ ನೀರಿಗಿಳಿಸಿದಾಗ ಅಂಚು ಥಟ್ಟನೆ ತಣಿಯುತ್ತದೆ. ಕಬ್ಬಿಣದಲ್ಲಿ ಕರಗಿದ್ದ ಕಾರ್ಬನ್‌ಗೆ ಹೊರಬರಲು ಸಮಯ ಸಿಗದೆ ಅದು ಹರಳುಗಳೊಳಗೇ ಸಿಕ್ಕಿಬೀಳುತ್ತದೆ. ಹೀಗೆ ಹುಟ್ಟುವ ಅತಿ ಗಡಸು ರೂಪವೇ ಮಾರ್ಟೆನ್ಸೈಟ್. ನಿಧಾನವಾಗಿ ತಣಿದ ಬೆನ್ನು ಮೆದುವಾಗಿಯೇ ಉಳಿದು ಪೆಟ್ಟು ತಾಳುತ್ತದೆ. ಮಣ್ಣು ಬಳಿಯುವುದು ಮಾಸಾಮುನೆಯ ಆವಿಷ್ಕಾರವಲ್ಲ, ಅವನಿಗಿಂತ ಹಿಂದೆಯೂ ಇತ್ತು. ಆದರೆ ಅವನ ಅಂಚುಗಳಲ್ಲಿ ಮಾರ್ಟೆನ್ಸೈಟ್ ಕಣಗಳು ಬರಿಗಣ್ಣಿಗೇ ನಕ್ಷತ್ರಗಳಂತೆ ಹೊಳೆಯುತ್ತವೆ. ಪರಿಣತರು ಇವನ ಕೆಲಸವನ್ನು ಗುರುತಿಸುವುದು ಹೆಚ್ಚಾಗಿ ಅದರಿಂದಲೇ.

ಅವನದೆಂದು ಒಪ್ಪಿಕೊಂಡ ಮೂರು ಅಗಲವಾದ ಕಿರುಗತ್ತಿಗಳಿಗೆ ಹೊಚೊ ಮಾಸಾಮುನೆ ಎಂಬ ಹೆಸರಿದೆ. ಹೊಚೊ ಎಂದರೆ ಅಡುಗೆ ಚಾಕು! ಅವುಗಳ ಆಕಾರ ನೋಡಿ ಇಟ್ಟ ಹೆಸರದು. ಮೂರೂ ಇಂದು ಜಪಾನಿನ ರಾಷ್ಟ್ರೀಯ ನಿಧಿಗಳು. ಒಂದು ನಗೋಯಾದ ತೊಕುಗಾವಾ ಕಲಾ ಸಂಗ್ರಹಾಲಯದಲ್ಲಿದೆ.

ಕೈಯಿಂದ ಬಡಿದು ಮಾಡಿದ ಕಾರ್ಬನ್ ಉಕ್ಕಿನ ಜಪಾನಿ ಚಾಕುಗಳಲ್ಲಿ ಹೊನ್ಯಾಕಿ ಎಂಬ ದುಬಾರಿ ಬಗೆಯಿದೆ. ಇಡೀ ಚಾಕು ಒಂದೇ ಉಕ್ಕು, ಅದೇ ಮಣ್ಣಿನ ಲೇಪ. ತಣಿಸುವಾಗ ಬಿರುಕು ಬಿಟ್ಟರೆ ಶ್ರಮವೆಲ್ಲ ವ್ಯರ್ಥ. ಉಳಿದ ಬಹುಪಾಲು ಚಾಕುಗಳಲ್ಲಿ ಮೆದು ಕಬ್ಬಿಣಕ್ಕೆ ಗಡಸು ಉಕ್ಕನ್ನು ಬೆಸೆದಿರುತ್ತಾರೆ. ಇವುಗಳಿಗೆ ಬಳಸುವ ‘ಶಿರೊಗಾಮಿ 2’ ಉಕ್ಕಿನಲ್ಲಿ ಕಾರ್ಬನ್ ಸುಮಾರು 1.1 ಶೇಕಡಾ. ಸ್ಟೇನ್‌ಲೆಸ್‌ನಲ್ಲಿರುವಷ್ಟು ಕ್ರೋಮಿಯಂ ಇಲ್ಲದ್ದರಿಂದ ನಿಂಬೆಹಣ್ಣು ಕೊಯ್ದು ಒರೆಸದೆ ಇಟ್ಟರೆ ಕಲೆಯಾಗುತ್ತದೆ, ಒದ್ದೆಯಾಗಿ ಬಿಟ್ಟರೆ ತುಕ್ಕು. ಅದು ನಕಲಿ ಚಾಕುವಿನ ಲಕ್ಷಣವಲ್ಲ. ಮಾಸಾಮುನೆಯ ಕತ್ತಿಗಳಿಗೂ ಇಂದಿಗೂ ಎಣ್ಣೆ ಸವರುತ್ತಲೇ ಇರಬೇಕು.