ಬಸರೂರಿಗೆ ಬಂದ ರೋಮಿನ ಯಾತ್ರಿಕ

ನಮ್ಮ ಅಮಾಸೆಬೈಲು ಘಟ್ಟದ ಬುಡದ ಊರು. ಹಿಂದೆ ಘಟ್ಟದ ಕಾಳುಮೆಣಸು ಬಸರೂರು ಬಂದರಿನಿಂದ ಹಡಗು ಹತ್ತುತ್ತಿತ್ತು. ಆ ವ್ಯಾಪಾರಕ್ಕಾಗಿಯೇ ಪೋರ್ಚುಗೀಸರು ಅಲ್ಲಿ ಕೋಟೆ ಕಟ್ಟಿದ್ದರು. ಆ ಕಾಲದ ಕರಾವಳಿಯನ್ನು ಕಣ್ಣಾರೆ ಕಂಡು ಬರೆದವನು ಪಿಯೆತ್ರೊ ದೆಲ್ಲಾ ವಾಲ್ಲೆ.

1586ರಲ್ಲಿ ರೋಮಿನ ಶ್ರೀಮಂತ ಮನೆತನದಲ್ಲಿ ಹುಟ್ಟಿದ ಈತ 1614ರಲ್ಲಿ ಪ್ರವಾಸ ಹೊರಟ. ತುರ್ಕಿ, ಅರಬ್ಬಿ, ಫಾರಸಿ ಕಲಿತ. ಬಗ್ದಾದ್‌ನಲ್ಲಿ ಮಆನಿ ಎಂಬ ಕ್ರೈಸ್ತ ಯುವತಿಯನ್ನು ಮದುವೆಯಾದ. 1621ರಲ್ಲಿ ಇರಾನ್‌ನಲ್ಲಿ ಆಕೆ ತೀರಿಕೊಂಡಳು. ಅವಳ ದೇಹವನ್ನು ಅಲ್ಲಿ ಬಿಡಲು ಮನಸ್ಸಾಗದೆ ಸ್ವದೇಶಕ್ಕೆ ಒಯ್ದು, 1627ರಲ್ಲಿ ರೋಮಿನಲ್ಲಿ ಸಮಾಧಿ ಮಾಡಿದ.

ಇದರ ನಡುವೆ, 1623ರಲ್ಲಿ, ಗೋವಾದ ಪೋರ್ಚುಗೀಸರು ಇಕ್ಕೇರಿಯ ವೆಂಕಟಪ್ಪ ನಾಯಕನಲ್ಲಿಗೆ ರಾಯಭಾರಿಯನ್ನು ಕಳುಹಿಸಿದಾಗ ಈತನೂ ಜೊತೆಗೆ ಬಂದ. ಹೊನ್ನಾವರ, ಗೇರುಸೊಪ್ಪೆ ದಾಟಿ ಘಟ್ಟ ಹತ್ತಿದರು. ದಾರಿಯ ದೇವಸ್ಥಾನವೊಂದರಲ್ಲಿ ಮಕ್ಕಳು ರಾಗವಾಗಿ ಹೇಳುತ್ತಾ, ಮರಳಿನ ಮೇಲೆ ಬೆರಳಿನಿಂದ ಬರೆಯುತ್ತಾ, ಮೇಷ್ಟ್ರಿಲ್ಲದೆ ಲೆಕ್ಕ ಕಲಿಯುತ್ತಿದ್ದರು. ಅದನ್ನು ಕಂಡು ಮೆಚ್ಚಿ ಬರೆದಿಟ್ಟ. ಕಾಮರ್ಸ್ ಓದುವ ನನಗೆ ಬಹಳ ಇಷ್ಟವಾದದ್ದು ಇದೇ. ಇಕ್ಕೇರಿಯಿಂದ ಬಸರೂರಿಗೆ ಇಳಿದು, ಮುಂದೆ ಮಂಗಳೂರಿಗೆ ಹೋದ. ನೀರಿನ ಕಾಲುವೆ ಕೆಲಸ ನೋಡಲು ಬರಿಗಾಲಲ್ಲಿ ನಡೆದು ಹೋಗುತ್ತಿದ್ದ ಉಳ್ಳಾಲದ ರಾಣಿಯನ್ನು ಕಂಡು ಮಾತಾಡಿದ. 1652ರಲ್ಲಿ ರೋಮಿನಲ್ಲಿ ತೀರಿಕೊಂಡ.

ಪೋರ್ಚುಗೀಸರ ಕಣ್ಣು ಮೆಣಸಿನ ಮೇಲಿತ್ತು; ಇವನ ಕಣ್ಣು ಜನರ ಮೇಲಿತ್ತು. ಅದಕ್ಕೇ ಆ ಮಕ್ಕಳು ಇಂದಿಗೂ ನಮಗೆ ಕಾಣುತ್ತಾರೆ. ಮನೆಯಲ್ಲಿ ಉರ್ದು, ಕಾಲೇಜಿನಲ್ಲಿ ಕನ್ನಡ ಮಾತಾಡುವ ನನಗೆ ಅನಿಸುವುದಿಷ್ಟೆ: ನಮ್ಮ ಊರಿನ ಕಥೆಯನ್ನು ಇನ್ನು ನಾವೇ ಬರೆಯಬೇಕು. ಬಸರೂರು ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರ. ಗೆಳೆಯರೇ, ಮುಂದಿನ ರಜೆಯಲ್ಲಿ ಒಂದು ನೋಟ್‌ಬುಕ್ ಹಿಡಿದು ಹೋಗೋಣ.