ಎಲೆಯ ಮೂಲೆಯ ಮೂರು ಅಕ್ಷರ

ನಮ್ಮೂರ ಜಾತ್ರೆಯಲ್ಲಿ ಗಿಣಿಶಾಸ್ತ್ರದವರು ಚಿತ್ರದ ಎಲೆಗಳನ್ನು ಜೋಡಿಸಿಟ್ಟು, ಗಿಣಿ ಎತ್ತಿಕೊಟ್ಟ ಎಲೆ ನೋಡಿ ಭವಿಷ್ಯ ಹೇಳುತ್ತಿದ್ದುದು ತಮಗೆ ನೆನಪಿರಬಹುದು. ಈ ದೇಶದಲ್ಲಿ ಗಿಣಿಯಿಲ್ಲ, ಎಲೆಗಳು ಮಾತ್ರ ಇವೆ. ಅವಕ್ಕೆ ಟ್ಯಾರೋ ಎನ್ನುತ್ತಾರೆ. ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವ 78 ಎಲೆಗಳ ಕಟ್ಟಿಗೆ ರೈಡರ್-ವೇಟ್ ಎಂದು ಹೆಸರು. ರೈಡರ್ ಎಂದರೆ ಪ್ರಕಾಶಕರು; ವೇಟ್ ಯೋಜನೆ ಹಾಕಿ ವಿವರಣೆ ಬರೆದವರು. ಚಿತ್ರಗಳನ್ನು ಬರೆದಾಕೆ ಪಮೇಲಾ ಕೋಲ್ಮನ್ ಸ್ಮಿತ್. ಆ ಹೆಸರಿನಲ್ಲಿ ಈಕೆಗೆ ಜಾಗವಿರಲಿಲ್ಲ.

ಪಮೇಲಾ ಹುಟ್ಟಿದ್ದು 1878ರ ಫೆಬ್ರವರಿ 16ರಂದು, ನಮ್ಮ ಲಂಡನ್ನಿನ ಪಿಮ್ಲಿಕೋದಲ್ಲಿ. ತಂದೆತಾಯಿ ಅಮೆರಿಕದವರು. ಎಳೆಯ ವಯಸ್ಸು ಮ್ಯಾಂಚೆಸ್ಟರಿನಲ್ಲಿ ಕಳೆಯಿತು. ಆಮೇಲೆ ತಂದೆಯ ನೌಕರಿಯಿಂದಾಗಿ ಜಮೈಕಾ. 1893ರಲ್ಲಿ ಚಿತ್ರಕಲೆ ಕಲಿಯಲು ನ್ಯೂಯಾರ್ಕಿನ ಬ್ರೂಕ್ಲಿನ್. ಊರು ಯಾವುದೆಂದು ಕೇಳಿದರೆ ತಡವರಿಸುವ ನಮ್ಮ ಮಕ್ಕಳಿಗೆ ಇಂಥ ಬಾಲ್ಯ ಹೊಸದೇನಲ್ಲ. ಆದರೆ ಜಮೈಕಾದಲ್ಲಿ ಕೇಳಿದ ಅನಾನ್ಸಿ ಎಂಬ ಕಿಲಾಡಿ ಜೇಡನ ಕಥೆಗಳನ್ನು ಆಕೆ ಕೈಬಿಡಲಿಲ್ಲ. ಅಲ್ಲಿಯ ಜನರ ಆಡುಮಾತಿನಲ್ಲೇ ಅವನ್ನು ಬರೆದು, ಚಿತ್ರ ಸೇರಿಸಿ, 1899ರಲ್ಲಿ ಪುಸ್ತಕವಾಗಿ ತಂದಳು. ಮುಂದೆ ಲಂಡನ್ನಿನ ಮನೆಮನೆಗಳಲ್ಲಿ ಅವೇ ಕಥೆಗಳನ್ನು ಅಭಿನಯಿಸಿ ಹೇಳುತ್ತಿದ್ದಳು.

1896ರಲ್ಲಿ ತಾಯಿ, 1899ರಲ್ಲಿ ತಂದೆ ತೀರಿಕೊಂಡರು. ಇಪ್ಪತ್ತೊಂದರ ಹುಡುಗಿ ಒಂಟಿಯಾದಳು. ಆಗ ಆಸರೆಯಾದದ್ದು ಲಂಡನ್ನಿನ ಲೈಸಿಯಂ ನಾಟಕ ಮಂಡಳಿ. ಪ್ರಸಿದ್ಧ ನಟಿ ಎಲೆನ್ ಟೆರ್ರಿ ಅವಳನ್ನು ಪಿಕ್ಸಿ ಎಂದು ಮುದ್ದಿನಿಂದ ಕರೆದರು. ಗ್ರೀನ್ ಶೀಫ್ ಎಂಬ ಪತ್ರಿಕೆಯನ್ನೂ ನಡೆಸಿದಳು. ಹದಿಮೂರು ಸಂಚಿಕೆಗೆ ಅದು ನಿಂತಿತು.

ಸಂಗೀತ ಕೇಳಿದರೆ ಅವಳ ಕಣ್ಣಿಗೆ ಚಿತ್ರ ಕಟ್ಟುತ್ತಿತ್ತು. ಬೀಥೋವನ್ ಕೇಳುತ್ತಲೇ ಬರೆಯುತ್ತಿದ್ದಳು. ನಮ್ಮ ವೈದ್ಯಶಾಸ್ತ್ರದಲ್ಲಿ ಇದಕ್ಕೆ ಸಿನೆಸ್ತೀಸಿಯಾ ಎಂಬ ಹೆಸರಿದೆ. ಕಾಯಿಲೆಯಲ್ಲ, ಕಾಲವಾದವರಿಗೆ ಚೀಟಿ ಅಂಟಿಸುವುದು ನನಗೆ ಇಷ್ಟವೂ ಇಲ್ಲ. 1907ರಲ್ಲಿ ಛಾಯಾಗ್ರಾಹಕ ಸ್ಟೀಗ್ಲಿಟ್ಸ್ ನ್ಯೂಯಾರ್ಕಿನ ತಮ್ಮ ಗ್ಯಾಲರಿಯಲ್ಲಿ ಅವಳ ಚಿತ್ರಗಳನ್ನು ತೂಗುಹಾಕಿದರು. ಅಲ್ಲಿಯವರೆಗೆ ಆ ಗೋಡೆಗಳ ಮೇಲೆ ಇದ್ದದ್ದು ಫೋಟೋಗಳು ಮಾತ್ರ.

1909ರಲ್ಲಿ ಬಂತು ಟ್ಯಾರೋ ಕೆಲಸ. ಕೆಲವೇ ತಿಂಗಳಲ್ಲಿ ಅಷ್ಟೂ ಎಲೆಗಳನ್ನು ಬರೆದು ಮುಗಿಸಿದಳು. ಅದಕ್ಕೆ ಮುಂಚಿನ ಬಹುಪಾಲು ಕಟ್ಟುಗಳಲ್ಲಿ 40 ಎಲೆಗಳ ಮೇಲೆ ಇಸ್ಪೀಟಿನಂತೆ ಬರೀ ಐದು ಬಟ್ಟಲು, ಒಂಬತ್ತು ಕತ್ತಿ ಎಂಬ ಎಣಿಕೆಯಷ್ಟೇ ಇರುತ್ತಿತ್ತು. ಪಮೇಲಾ ಅವುಗಳಲ್ಲಿ ಬಾಳನ್ನು ತಂದಳು. ಚೆಲ್ಲಿದ ಬಟ್ಟಲುಗಳ ಮುಂದೆ ತಲೆ ತಗ್ಗಿಸಿ ನಿಂತವನು. ಹಿಮದಲ್ಲಿ ಚರ್ಚಿನ ಕಿಟಕಿಯ ಕೆಳಗೆ ಕುಂಟುತ್ತಾ ಸಾಗುವ ಬಡವರು. ರಾತ್ರಿ ಹಾಸಿಗೆಯಲ್ಲಿ ಎದ್ದು ಕೂತು ಮುಖ ಮುಚ್ಚಿಕೊಂಡ ಒಬ್ಬರು. ಆ ಕೊನೆಯ ಭಂಗಿಯನ್ನು ನೈಟ್ ಡ್ಯೂಟಿಯಲ್ಲಿ ನಾನು ಎಷ್ಟೋ ಸಲ ಕಂಡಿದ್ದೇನೆ. ಎಲೆ ಭವಿಷ್ಯ ಹೇಳುತ್ತದೆಂದು ನಂಬುವವನು ನಾನಲ್ಲ, ಆದರೆ ಆ ಚಿತ್ರ ಸುಳ್ಳಲ್ಲ.

ಕೆಲಸ ಬಹಳ, ಕೈಗೆ ಬಂದ ಹಣ ತೀರಾ ಕಡಿಮೆ ಎಂದು ಸ್ಟೀಗ್ಲಿಟ್ಸ್‌ಗೆ ಕಾಗದ ಬರೆದಳು. 1911ರಲ್ಲಿ ಕ್ಯಾಥೊಲಿಕ್ ಆದಳು. ಮೊದಲ ಮಹಾಯುದ್ಧದ ನಂತರ ಕಾರ್ನ್‌ವಾಲ್‌ಗೆ ಹೋಗಿ ನೆಲೆಸಿದಳು. 1951ರ ಸೆಪ್ಟೆಂಬರ್ 18ರಂದು ಅಲ್ಲಿಯ ಬ್ಯೂಡ್ ಎಂಬ ಊರಿನಲ್ಲಿ ತೀರಿಕೊಂಡಾಗ ಸಾಲ ಉಳಿದಿತ್ತು. ಅದಕ್ಕಾಗಿ ಮನೆಯ ಸಾಮಾನೆಲ್ಲ ಮಾರಾಟವಾಯಿತು. ಅವಳ ಎಲೆಗಳು ಜಗತ್ತಿನ ತುಂಬ ಹರಡಿದ್ದು 1970ರ ದಶಕದಿಂದೀಚೆಗೆ. ನೂರು ವರ್ಷ ತುಂಬಿದ 2009ರಲ್ಲಿ ಅಮೆರಿಕದ ಪ್ರಕಾಶಕರು ಹೊರತಂದ ಕಟ್ಟಿಗೆ ಸ್ಮಿತ್-ವೇಟ್ ಎಂದು ಹೆಸರಿಟ್ಟರು.

ಹಳೆಯ ಕಟ್ಟುಗಳಲ್ಲಿಯೂ ಅವಳ ಗುರುತು ಇತ್ತೆನ್ನಿ. ಎಲ್ಲಾದರೂ ಕೈಗೆ ಸಿಕ್ಕರೆ ಎಲೆಯ ಕೆಳಮೂಲೆಯನ್ನು ಗಮನಿಸಿ: ಬಳ್ಳಿಯಂತೆ ಹೆಣೆದುಕೊಂಡ ಮೂರು ಅಕ್ಷರ, ಪಿ, ಸಿ, ಎಸ್.