ಅಡಕೆಯ ತೋಟಕ್ಕೆ ಬಂದ ವಿಜ್ಞಾನಿ: ಡಾ. ಲೆಸ್ಲಿ ಕೋಲ್ಮನ್

ವಿದ್ಯೆಯು ಪಂಡಿತರ ಮನೆಯಲ್ಲಿಯೇ ನಿಂತರೆ ಅದು ಸೇದದ ಬಾವಿಯ ನೀರು. ಹೊಲಕ್ಕೆ ಹರಿದಾಗಲೇ ಬೆಳೆ. ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಡಾ. ಲೆಸ್ಲಿ ಚಾರ್ಲ್ಸ್ ಕೋಲ್ಮನ್ ಅವರ ಜೀವನವು ಇದಕ್ಕೆ ಉತ್ತಮ ನಿದರ್ಶನ.

1878ರಲ್ಲಿ ಕೆನಡಾ ದೇಶದ ಒಂಟಾರಿಯೋ ಪ್ರಾಂತದಲ್ಲಿ ಜನಿಸಿದ ಅವರು ಟೊರೊಂಟೊದಲ್ಲಿ ವ್ಯಾಸಂಗ ಮಾಡಿ, ಜರ್ಮನಿಯ ಗೊಟ್ಟಿಂಗೆನ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪದವಿಯನ್ನು ಪಡೆದರು. 1908ರಲ್ಲಿ ಮೈಸೂರು ಸರ್ಕಾರವು ಶಿಲೀಂಧ್ರ ಮತ್ತು ಕೀಟಗಳ ತಜ್ಞರನ್ನಾಗಿ ಅವರನ್ನು ಬರಮಾಡಿಕೊಂಡಿತು.

ಆ ಕಾಲದಲ್ಲಿ ಮಲೆನಾಡಿನ ಅಡಕೆ ಬೆಳೆಗಾರರಿಗೆ ಕೊಳೆರೋಗವು ಮಹಾ ವಿಪತ್ತಾಗಿತ್ತು. ಜಡಿಮಳೆಯಲ್ಲಿ ಎಳೆಯ ಕಾಯಿಗಳು ಕೊಳೆತು ಉದುರಿ, ವರ್ಷದ ಅನ್ನವೇ ನೆಲದ ಪಾಲಾಗುತ್ತಿತ್ತು. ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯನ್ನು ತಡೆಯುವುದೊಂದೇ ರೈತನಿಗೆ ತಿಳಿದಿದ್ದ ಉಪಾಯ. ಕೋಲ್ಮನ್‌ರು ಈ ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಗುರುತಿಸಿ, 1910ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ 1880ರ ದಶಕದಲ್ಲಿ ಹುಟ್ಟಿದ್ದ ಬೋರ್ಡೋ ದ್ರಾವಣವನ್ನು, ಎಂದರೆ ಮೈಲುತುತ್ತ ಮತ್ತು ಸುಣ್ಣಗಳ ಮಿಶ್ರಣವನ್ನು, ಅವರು ನಮ್ಮ ಅಡಕೆಗೆ ಒಗ್ಗಿಸಿದರು. ಮಳೆಗೆ ತೊಳೆದುಹೋಗದಂತೆ ರಾಳದ ಅಂಟನ್ನು ಬೆರೆಸುವ ಕ್ರಮವೂ ಬಳಕೆಗೆ ಬಂದಿತು.

ಔಷಧವನ್ನು ಕಂಡುಕೊಂಡಲ್ಲಿಗೆ ಕಾರ್ಯವು ಮುಗಿಯಲಿಲ್ಲ. ಗಗನಮುಖಿಯಾದ ಮರವನ್ನೇರಿ ಗೊನೆಗೊನೆಗೂ ಸಿಂಪಡಿಸುವುದನ್ನು ಯಾರಾದರೂ ಕಲಿಸಬೇಕಿತ್ತು. ವ್ಯಯವನ್ನೂ ಶ್ರಮವನ್ನೂ ಮಾಡಲು ರೈತನಿಗೆ ನಂಬಿಕೆ ಬರಬೇಕಿತ್ತು. ಸರ್ಕಾರವು ಕೃಷಿ ಇಲಾಖೆಯನ್ನು ತೋಟಗಳಿಗೇ ಕಳುಹಿಸಿ ಪ್ರಾತ್ಯಕ್ಷಿಕೆಗಳನ್ನು ನಡೆಸಿತು. ಬರಹಕ್ಕಿಂತಲೂ ಉಳಿದ ಗೊನೆಯೇ ಅಲ್ಲಿ ಬಲವಾದ ಪ್ರಮಾಣವಾಯಿತು.

ನಿರ್ದೇಶಕರಾದ ಮೇಲೆ ಅವರ ದೃಷ್ಟಿಯು ಮತ್ತಷ್ಟು ವಿಶಾಲವಾಯಿತು. 1913ರಲ್ಲಿ ಹೆಬ್ಬಾಳದಲ್ಲಿ ಕೃಷಿಶಾಲೆಯು ಆರಂಭವಾಯಿತು. 1925ರಲ್ಲಿ ಬಾಳೆಹೊನ್ನೂರಿನ ಸಮೀಪ ಕಾಫಿ ಸಂಶೋಧನಾ ಕೇಂದ್ರವು ನೆಲೆಗೊಂಡಿತು. ಮಂಡ್ಯದ ನೀರಾವರಿ ಪ್ರದೇಶದಲ್ಲಿ ಕಬ್ಬಿನ ಬೇಸಾಯವನ್ನು ಬೆಳೆಸುವುದರಲ್ಲಿಯೂ, 1933ರಲ್ಲಿ ಸ್ಥಾಪಿತವಾದ ಸಕ್ಕರೆ ಕಂಪನಿಯ ಉದಯದಲ್ಲಿಯೂ ಅವರ ಪಾತ್ರ ಹಿರಿದು. 1934ರಲ್ಲಿ ನಿವೃತ್ತರಾಗಿ ಸ್ವದೇಶಕ್ಕೆ ಮರಳಿದ ಅವರು 1954ರಲ್ಲಿ ಕಾಲಾಧೀನರಾದರು. ಹೆಬ್ಬಾಳದ ಆ ಶಾಲೆಯು 1946ರಲ್ಲಿ ಕಾಲೇಜಾಗಿ, 1964ರಲ್ಲಿ ಸ್ಥಾಪಿತವಾದ ಕೃಷಿ ವಿಶ್ವವಿದ್ಯಾನಿಲಯದ ಬೇರಾಯಿತು.

ಸಾಸ್ವೆಹಳ್ಳಿಯ ಸುತ್ತಲಿನ ಹೊನ್ನಾಳಿ, ಚನ್ನಗಿರಿ ಸೀಮೆಗಳಲ್ಲಿ ಅಡಕೆಯೇ ಅನೇಕ ಮನೆಗಳ ದೀಪ. ಆ ದೀಪದ ಎಣ್ಣೆಯಿಂದಲೇ ನಮ್ಮ ಶಾಲೆಗಳ ಮಕ್ಕಳೂ ಓದುತ್ತಾರೆ. ಮುಂಗಾರಿನಲ್ಲಿ ತೋಟಕ್ಕೆ ಔಷಧವನ್ನು ಸಿಂಪಡಿಸುವಾಗ, ದೂರದೇಶದಿಂದ ಬಂದು ನಮ್ಮ ಗೊನೆಯನ್ನು ಕಾಯ್ದ ಈ ಮಹನೀಯರನ್ನೂ, ಅವರ ವಿದ್ಯೆಗೆ ಆಶ್ರಯವಿತ್ತು ಅದನ್ನು ರೈತನ ಬಾಗಿಲಿಗೆ ಮುಟ್ಟಿಸಿದ ಸಂಸ್ಥಾನವನ್ನೂ ಸ್ಮರಿಸುವುದು ನಮ್ಮ ಧರ್ಮ. ವಿದ್ಯಾದಾನಕ್ಕೆ ಕೈನೀಡುವ ದಾನಿಗಳೂ, ಪಾಠ ಹೇಳುವ ಅಧ್ಯಾಪಕರೂ ಇದರಿಂದ ಗ್ರಹಿಸಬೇಕಾದುದು ಒಂದೇ: ಕಲಿತದ್ದು ಕೊನೆಯ ತೋಟದವರೆಗೆ ತಲುಪುವ ತನಕ ನಮ್ಮ ಕೆಲಸವು ಅರ್ಧದಲ್ಲಿಯೇ ಇರುತ್ತದೆ.